ಹುಳುವಿಲ್ಲದ ಬದನೆಕಾಯಿಯ ಬುಟ್ಟಿ

ವಿಶಾಖಪಟ್ಟಣ
ಡಿಸೆಂಬರ್ ೨೦೦೯

ಹಸಿರು ಊಟ, ಹಸಿರು ಪ್ರವಾಸ ಎಂಬ ಪ್ರಚಾರದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಜಾಹೀರಾತಿನಲ್ಲಿ ಬದನೆಕಾಯಿಯ ಬುಟ್ಟಿ ಹಿಡಿದು ನಗುತ್ತಿರುವ ಹೆಂಗಸು ನಾನೇ. ಆ ಬುಟ್ಟಿಯಲ್ಲಿರುವ ಬದನೆಕಾಯಿ ನನ್ನದಲ್ಲ. ‘ನಮ್ಮ ಅಡುಗೆಯಲ್ಲಿ ಕುಲಾಂತರಿ ಬೆಳೆಗೆ ಜಾಗವಿಲ್ಲ’ ಎಂದು ನನ್ನ ಗಲ್ಲದ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಲ್ಲ, ಆ ಮಾತೂ ನನ್ನದಲ್ಲ. ನಗು ಮಾತ್ರ ನನ್ನದು. ಅದನ್ನೂ ನಿಮ್ಮ ಫೋಟೋಗ್ರಾಫರು ಮತ್ತೆ ಮತ್ತೆ ಕೇಳಿ ಪಡೆದದ್ದು. ಆ ಕಾಯಿ ಯಾವುದು, ಅದನ್ನು ತಿನ್ನಬಹುದಿತ್ತೇ ಇಲ್ಲವೇ ಎಂಬುದನ್ನು ನೀವು ಎಲ್ಲರಿಗೂ ಕಾಣುವಂತೆ ಹೇಳಬೇಕು. ನನ್ನ ತಕರಾರು ಇಷ್ಟೇ.

ಆಂಧ್ರದ ಅಧಿಕಾರಿಗೆ ಕನ್ನಡದಲ್ಲೇಕೆ ಪತ್ರ ಎಂದು ಹುಬ್ಬೇರಿಸಬೇಡಿ. ತೆಲುಗಿನಲ್ಲಿ ಬರೆಸಿ ಕಳಿಸಿದ್ದೆ. ಉತ್ತರ ಬರಲಿಲ್ಲ. ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದೆ. ‘ನಿಮ್ಮ ಸಲಹೆಗೆ ಧನ್ಯವಾದಗಳು’ ಎಂಬ ಒಂದು ಸಾಲು ಬಂತು. ನಾನು ಸಲಹೆ ಕೊಟ್ಟಿರಲಿಲ್ಲ ಸ್ವಾಮೀ, ಪ್ರಶ್ನೆ ಕೇಳಿದ್ದೆ. ಅಷ್ಟರಲ್ಲಿ ನಿಮ್ಮ ಜಾಹೀರಾತು ಅಚ್ಚ ಕನ್ನಡದಲ್ಲಿ ನಮ್ಮೂರು ದಾವಣಗೆರೆಯ ಪತ್ರಿಕೆಗಳಲ್ಲೇ ಬಂತು. ನಮ್ಮ ನಾದಿನಿ ರತ್ನಮ್ಮ ಫೋನು ಮಾಡಿ, “ಅತ್ತಿಗೆ, ನೀನು ಪೇಪರ್‌ನಾಗೆ ಬಂದೀಯ! ಮದುವೆ ಫೋಟೋಕ್ಕಿಂತ ಚೆನ್ನಾಗಿ ಕಾಣ್ತೀಯ ನೋಡು” ಅಂದಳು. ಕನ್ನಡದವರನ್ನು ಕರೆಯುವುದಕ್ಕೆ ನಿಮ್ಮ ಕಚೇರಿಗೆ ಕನ್ನಡ ಬರುತ್ತದೆ ಎಂದಮೇಲೆ, ಅವರಿಗೆ ಉತ್ತರ ಕೊಡುವುದಕ್ಕೂ ಬರಲೇಬೇಕಲ್ಲ?

ಓದುವವರಿಗೆ ನಾನು ಯಾರೆಂದು ತಿಳಿಯಲಿ. ನನ್ನ ಯಜಮಾನರು ಲಿಂಗರಾಜು ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಟೌನ್‌ಷಿಪ್ಪಿನ ಕ್ವಾರ್ಟರ್ಸಿನಲ್ಲಿ ಒಂಟಿ ಹುಡುಗರಿಗೆ ರೊಟ್ಟಿ ಬಡಿದು ಕೊಡುತ್ತಿದ್ದವಳು, ಋಷಿಕೊಂಡದ ಕಡೆ ಐಟಿ ಕಚೇರಿಗಳು ಬಂದಮೇಲೆ ಅಲ್ಲೊಂದು ಊಟದ ಮನೆ ತೆರೆದೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಹಾವೇರಿ, ಹರಿಹರ, ರಾಣೆಬೆನ್ನೂರಿನ ಮಕ್ಕಳು ಮನೆ ನೆನಪಾದಾಗ ಬಂದು ಕೂರುತ್ತಾರೆ. ಗುತ್ತಿ ವಂಕಾಯ ಎಂಬ ಮಸಾಲೆ ತುಂಬಿದ ಬದನೆಕಾಯಿ ತಿಂದು ಬೆಳೆದ ಇಲ್ಲಿನವರೂ ಬರುತ್ತಾರೆ, ನಮ್ಮ ಎಣ್ಣೆಗಾಯಿ ಅದರ ತಂಗಿ ಎನ್ನುತ್ತಾರೆ. ಕಡಲು ನೋಡಲು ಬರುವ ಪ್ರವಾಸಿಗರ ಕಣ್ಣಿಗೆ ನಾವು ಬಿದ್ದಮೇಲೆ ನಿಮ್ಮ ಕಣ್ಣಿಗೂ ಬಿದ್ದೆವು.

ನೀವು ಕಳಿಸಿದ ಪರಿವೀಕ್ಷಕರು ಬಂದರು. ತರಕಾರಿ ಎಲ್ಲಿಂದ ಎಂದು ಕೇಳಿದರು. ಅಚ್ಯುತಾಪುರಂ ಹತ್ತಿರ ಹೊಲ ಮಾಡುವ ಸೀತಾಮಹಾಲಕ್ಷ್ಮಿ ತಂದುಕೊಡುತ್ತಾಳೆ, ಬೀಜ ಅವಳೇ ಉಳಿಸಿಕೊಳ್ಳುತ್ತಾಳೆ, ಆದರೆ ಹುಳು ಹೆಚ್ಚಾದಾಗ ಔಷಧಿ ಹೊಡೆಯುತ್ತಾಳೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಔಷಧಿ ವಿಷಯ ಬಿಡಿ ಅಮ್ಮಾ, ನಮಗೆ ಬೇಕಾಗಿರೋದು ವಾತಾವರಣ” ಎಂದರು. ಗೋಡೆಗೆ ಹಸಿರು ಬಣ್ಣ ಹೊಡೆಸಿ, ಬಾಗಿಲಿಗೆ ಬಾಳೆ ಗಿಡ ಕಟ್ಟಿ ಎಂದರು. ಮಾರನೆಯ ವಾರ ಎಲೆಯ ಗುರುತಿನ ಫಲಕ ಬಂತು. ಹಸಿರು ಎಂದರೆ ಗೋಡೆಯ ಬಣ್ಣ ಎಂದು ನನಗೆ ಆಗಲೇ ಅರ್ಥವಾಗಬೇಕಿತ್ತು.

ಆಮೇಲೆ ನೀವು ನನ್ನನ್ನು ವಿಜಯವಾಡಕ್ಕೆ ಕರೆದಿರಿ. ಕೃಷ್ಣಾ ತೀರದಲ್ಲಿ ಶಾಮಿಯಾನ ಹಾಕಿ, ಹೊರದೇಶದ ಪ್ರವಾಸ ಸಂಸ್ಥೆಗಳವರನ್ನು ಕೂರಿಸಿ, ನಮ್ಮ ದೇಶದ ಊಟ ಎಷ್ಟು ಶುದ್ಧ ಎಂದು ತೋರಿಸುವ ಮೇಳ. ನಾನು ದುವ್ವಾಡದಲ್ಲಿ ರೈಲು ಹತ್ತಿದೆ. ಜೊತೆಗೆ ಅನು ಬಂದಳು. ರತ್ನಮ್ಮನ ಮಗಳು, ಅಚ್ಯುತಾಪುರಂನ ಮಾತ್ರೆ ತಯಾರಿಸುವ ಕಂಪನಿಯಲ್ಲಿ ಕೆಲಸ. ಸೀತಾಮಹಾಲಕ್ಷ್ಮಿಯ ಬದನೆಕಾಯಿಯನ್ನು ಅವಳ ಹೊಲದಿಂದಲೇ ನಿಮ್ಮ ವ್ಯಾನು ತರುತ್ತದೆ ಎಂದಿದ್ದಿರಿ. ತಂದಿತು. ಒಂದೇ ಅಳತೆಯ, ಮಿರಮಿರ ಮಿಂಚುವ ಕಾಯಿ. ನಾನು ಬುಟ್ಟಿ ಹಿಡಿದೆ, ನಕ್ಕೆ, ಫೋಟೋ ಆಯಿತು.

ಎಣ್ಣೆಗಾಯಿ ಮಾಡುವವರಿಗೆ ಒಂದು ಅಭ್ಯಾಸ ಉಂಟು. ತೊಟ್ಟು ಹಾಗೇ ಇಟ್ಟು ಕಾಯಿಯನ್ನು ನಾಲ್ಕಾಗಿ ಸೀಳಿ, ಎಸಳು ಬಿಡಿಸಿ ಒಳಗೆ ನೋಡಿ, ಹುಳು ಇಲ್ಲದಿದ್ದರೆ ಉಪ್ಪು ನೀರಿಗೆ ಹಾಕುವುದು, ಇದ್ದರೆ ಎಸೆಯುವುದು. ಎಷ್ಟೇ ಒಳ್ಳೆಯ ಕಾಯಿ ತಂದರೂ ಪಕ್ಕದಲ್ಲಿ ಎಸೆದದ್ದರ ಒಂದು ಗುಡ್ಡೆ ಬೆಳೆಯುತ್ತದೆ. ಅವತ್ತು ಅರ್ಧ ಬುಟ್ಟಿ ಸೀಳಿದರೂ ಗುಡ್ಡೆ ಇಲ್ಲ. “ಅತ್ತೆ, ಇವತ್ತು ಒಂದ್ರಾಗೂ ಹುಳ ಇಲ್ಲ ನೋಡೇ” ಎಂದು ಅನು ಅಂದಾಗ ನಾನು ಪೆದ್ದಿ, ಖುಷಿಪಟ್ಟೆ. ನಮ್ಮ ಪುಣ್ಯ ಚೆನ್ನಾಗಿದೆ ಅಂದುಕೊಂಡೆ. ಇಷ್ಟು ವರ್ಷ ಬದನೆಕಾಯಿ ಸೀಳಿದವಳಿಗೆ ಅಲ್ಲೇ ಕೈ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಶೇಂಗಾ, ಎಳ್ಳು, ಗುರೆಳ್ಳಿನ ಪುಡಿ ತುಂಬಿ ಬಾಣಲೆಗೆ ಇಳಿಸಿದೆ. ಮೊದಲ ಪಂಕ್ತಿಗೆ ನಾನೇ ಬಡಿಸಿದೆ.

ಆ ಪಂಕ್ತಿಯಲ್ಲಿ ಕುಳಿತಿದ್ದ ಬೆಳ್ಳಿಗೂದಲಿನ ವಿದೇಶಿ ಮಹಿಳೆಯೊಬ್ಬರು ನನ್ನ ಮುಖ ನೋಡಿ ಏನೋ ಕೇಳಿದರು. ಮಾನ್ಯರೇ, ನೀವು ಪಕ್ಕದಲ್ಲೇ ನಿಂತಿದ್ದಿರಿ. “ಚಾಲಾ ಬಾಗುಂದಿ ಅಂಟುನ್ನಾರಮ್ಮಾ”, ತುಂಬಾ ಚೆನ್ನಾಗಿದೆ ಎನ್ನುತ್ತಿದ್ದಾರೆ, ಎಂದು ನನಗೆ ತೆಲುಗಿನಲ್ಲಿ ತಿಳಿಸಿದಿರಿ. ನಾನು ಕೈಮುಗಿದೆ. ನೀವು ಅವರಿಗೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದಿರಿ. ಅವರು ತಲೆದೂಗಿ ಊಟ ಮುಂದುವರಿಸಿದರು. ಅನು ನನ್ನ ಸೆರಗು ಜಗ್ಗಿ ಒಲೆಯ ಹಿಂದಕ್ಕೆ ಕರೆದಳು.

“ಅತ್ತೆ, ಅವ್ರು ಚೆನ್ನಾಗೈತೆ ಅಂದಿದ್ದಲ್ಲ. ಇದ್ರಾಗೆ ಕುಲಾಂತರಿ ಕಾಯಿ ಏನಾರ ಐತಾ, ನಮ್ಮ ದೇಶದ ಜನ ಅದನ್ನ ತಿನ್ನಲ್ಲ, ನಿನ್ನ ಬಾಯಿಂದ್ಲೇ ಕೇಳ್ಬೇಕು ಅಂದ್ರು.”

“ಸಾಹೇಬ್ರು ಏನಂದ್ರು?”

“ಇಲ್ಲ, ಖಂಡಿತ ಇಲ್ಲ ಅಂತ ಈಯಮ್ಮ ಕೈಮುಗಿದು ಹೇಳ್ತಿದಾಳೆ ಅಂದ್ರು.”

ಹುಳುವೇ ಇಲ್ಲದ ಆ ಕಾಯಿಗಳು ಆಗ ನೆನಪಾದವು. ನಿಮ್ಮ ಸಹಾಯಕರನ್ನು ಹಿಡಿದು ಕಾಯಿ ಎಲ್ಲಿಯದು ಎಂದು ಕೇಳಿದೆ. ಪಾಪ, ಅವರಿಗೆ ಅದು ಮುಚ್ಚಿಡುವ ವಿಷಯ ಅನ್ನಿಸಿಯೇ ಇರಲಿಲ್ಲ, ಹೆಮ್ಮೆಯಿಂದಲೇ ಹೇಳಿದರು. ಸೀತಾಮಹಾಲಕ್ಷ್ಮಿಯ ಕಾಯಿಯಲ್ಲಿ ತೂತುಗಳಿದ್ದವಂತೆ, ಫೋಟೋಕ್ಕೆ ಚೆನ್ನಾಗಿರುವುದಿಲ್ಲ ಎಂದು ವ್ಯಾನಿನವರು ಅಂದರಂತೆ. ಅವಳ ಹೊಲದ ಪಕ್ಕದಲ್ಲೇ ತಂತಿ ಬೇಲಿಯೊಳಗೆ ಸೊಗಸಾದ ಬದನೆ ಇತ್ತಂತೆ, ಕಾವಲುಗಾರ ಒಂದು ಕಟ್ಟು ಬೀಡಿಗೆ ಚೀಲ ತುಂಬಿ ಕೊಟ್ಟನಂತೆ. “ಅದು ಯಾವುದೋ ಬೀಜದ ಕಂಪನಿಯ ಪ್ರಯೋಗದ ಬೆಳೆ ಮೇಡಂ ಗಾರೂ, ಮಾರ್ಕೆಟ್ಟಿಗೇ ಬರೋದಿಲ್ಲ, ಸ್ಪೆಷಲ್” ಎಂದರು.

ಹುಳು ಬೀಳದ ಹಾಗೆ ಕಂಪನಿಯವರು ಮಾಡಿದ ಕುಲಾಂತರಿ ಬದನೆಯೇ ಅದು, ಬಿಟಿ ಬದನೆ ಎಂದು ಅನು ಬಿಡಿಸಿ ಹೇಳಿದಳು. ಪ್ರಯೋಗ ಮುಗಿದಮೇಲೆ ಸುಟ್ಟು ಹಾಕಬೇಕು, ಯಾರೂ ಬಾಯಿಗಿಡಬಾರದು ಎಂದು ಬೇಲಿ ಹಾಕಿ ಕಾಯುವ ಬೆಳೆಯನ್ನು ನೀವು ಬುಟ್ಟಿಗೆ ತುಂಬಿ, ಅದಕ್ಕೆ ಶುದ್ಧ ನಾಡ ತಳಿ ಎಂದು ಚೀಟಿ ಅಂಟಿಸಿ, ಕುಲಾಂತರಿ ಬೇಡ ಎಂದು ಕೇಳಿಕೊಂಡು ಬಂದವರ ಎಲೆಗೇ ನನ್ನ ಕೈಯಿಂದ ಹಾಕಿಸಿದಿರಿ. ನಾನು ಬಾಣಲೆ ಇಳಿಸಿದೆ. ಮುಂದಿನ ಪಂಕ್ತಿಗೆ ರೊಟ್ಟಿ, ಚಟ್ನಿ ಅಷ್ಟೇ ಎಂದೆ. ನೀವು ಬಂದು ಹಲ್ಲು ಕಚ್ಚಿ, ಮರ್ಯಾದೆ ಕಳೆಯಬೇಡಿ ಎಂದಿರಿ. ಇದ್ದದ್ದು ಹೇಳಿಬಿಡುತ್ತೇನೆ ಎಂದು ನಾನು ಹೊರಟರೆ ಅಡ್ಡ ನಿಂತು, ದೇಶದ ಪ್ರಶ್ನೆ ಎಂದಿರಿ. ಬದನೆಕಾಯಿ ಖಾಲಿಯಾಗಿದೆ, ಅಷ್ಟು ರುಚಿಯಾಗಿತ್ತು ಎಂದು ಅತಿಥಿಗಳಿಗೆ ಮೈಕಿನಲ್ಲಿ ಹೇಳಿದಿರಿ. ಅವರು ಚಪ್ಪಾಳೆ ತಟ್ಟಿದರು. ದೇಶದ ಮರ್ಯಾದೆ ಸುಳ್ಳಿನ ಮೇಲೆ ನಿಲ್ಲುವಷ್ಟು ಬಡವಾಗಿದ್ದು ಯಾವಾಗಿನಿಂದ?

ಆ ಕಾಯಿ ವಿಷ ಎಂದು ನಾನು ಹೇಳುತ್ತಿಲ್ಲ. ನಾನು ವಿಜ್ಞಾನ ಓದಿದವಳಲ್ಲ. ಈಗ ಬಿಟಿ ಬದನೆ ಬೇಕೇ ಬೇಡವೇ ಎಂದು ಊರೆಲ್ಲಾ ವಾದ ನಡೆದಿದೆ, ಓದಿದವರೇ ಎರಡು ಪಾಲಾಗಿದ್ದಾರೆ. ಬಹುಶಃ ತಿಂದವರಿಗೆ ಏನೂ ಆಗಿಲ್ಲ, ಆಗುವುದೂ ಇಲ್ಲ. ಹಾಗೇ ಆಗಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ. ಆದರೆ ಪರೀಕ್ಷೆಯೇ ಮುಗಿಯದ ಕಾಯಿಯನ್ನು ಹೇಳದೆ ಕೇಳದೆ ತಿನ್ನಿಸಲು ನಿಮಗೆ ಅಪ್ಪಣೆ ಕೊಟ್ಟವರು ಯಾರು? ಬೇಡ ಎಂದು ಬಾಯಿಬಿಟ್ಟು ಕೇಳಿದ ಅತಿಥಿಗೂ ಅದನ್ನೇ ಬಡಿಸಿದಮೇಲೆ ಆತಿಥ್ಯ ಎಂಬ ಪದ ನಿಮ್ಮ ಕಚೇರಿಯ ಬೋರ್ಡಿನಲ್ಲಿ ಏಕೆ ಬೇಕು?

ನಾನು ವಾಪಸು ಬಂದು ಸೀತಾಮಹಾಲಕ್ಷ್ಮಿಯ ಹೊಲಕ್ಕೆ ಹೋದೆ. ಬೇಲಿಯೊಳಗಿನ ಬೆಳೆಯನ್ನು ಅಷ್ಟರಲ್ಲಿ ಕಿತ್ತು ನೆಲ ಉತ್ತಿದ್ದರು. ಅವಳು ನನ್ನಷ್ಟು ಗಾಬರಿಪಡಲಿಲ್ಲ. “ಪುರುಗು ಲೇಕುಂಟೆ ಆ ವಿತ್ತನಂ ನಾಕೂ ಇಪ್ಪಿಂಚಂಡಿ” ಎಂದಳು. ಹುಳು ಬೀಳುವುದಿಲ್ಲ ಎಂದಾದರೆ ಆ ಬೀಜ ನನಗೂ ಕೊಡಿಸಿ, ಔಷಧಿ ಹೊಡೆದು ಹೊಡೆದು ಎದೆ ಉರಿ ಬಂದಿದೆ ಎಂದು ಅವಳ ವಾದ. ಅದು ತಪ್ಪು ಎನ್ನುವಂತಿಲ್ಲ. ಆದರೆ ಬೇಲಿಯೊಳಗಿನ ಹೂವಿನಿಂದ ಅವಳ ಹೊಲದ ಹೂವಿಗೆ ದುಂಬಿ ಹಾರಿ, ಅವಳು ಬೀಜಕ್ಕೆ ಬಿಟ್ಟ ಕಾಯಿಯೂ ಬೆರಕೆಯಾಗಿದೆಯೇ? ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತಿಲ್ಲ, ಗೊತ್ತಿರುವವರು ಬಾಯಿ ಬಿಡುತ್ತಿಲ್ಲ. ಹಾಗಾಗಿ ಅವಳ ಬದನೆಕಾಯಿ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೇನೆ. “ಕಂಚೆ ವಾಳ್ಳು ಕಟ್ಟಾರು, ಶಿಕ್ಷ ನಾಕಾ?” ಬೇಲಿ ಹಾಕಿದವರು ಅವರು, ಶಿಕ್ಷೆ ನನಗಾ ಎಂದು ಕೇಳಿದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನನಗೆ ಬಹಳ ನೋವಾಗಿದೆ.

ಕಳೆದ ಭಾನುವಾರ ನಮ್ಮ ಕಡೆಯಿಂದ ಒಂದು ಬಸ್ಸು ಬಂತು. ನಿವೃತ್ತ ಮೇಷ್ಟ್ರು ಶ್ರೀಪಾದ ಎಂಬವರು ಹೆಂಡತಿಯ ಜೊತೆ ಬಂದು ಕೂತು, ಜಾಹೀರಾತು ನೋಡಿಯೇ ಬಂದೆವು, ಎಣ್ಣೆಗಾಯಿ ಹಾಕಮ್ಮಾ ಎಂದರು. ಮಾಡುತ್ತಿಲ್ಲ ಎಂದೆ. ಏಕೆ ಎಂದರು. ಎಲ್ಲವನ್ನೂ ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ ಕೊನೆಯವರೆಗೂ ಕೇಳಿಸಿಕೊಂಡರು. ನಿಮ್ಮನ್ನು ಬೈಯುತ್ತಾರೆ ಎಂದುಕೊಂಡಿದ್ದೆ.

“ಆಯ್ತಮ್ಮ, ಆಫೀಸ್ನೋರು ಮಾಡಿದ್ದು ತೆಪ್ಪೇ. ಅವತ್ತು ತಿಂದೋರಿಗೆ ಹೇಳಿದ್ಯೇನು?”

ಇಲ್ಲ ಎಂದೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅವತ್ತಿನ ಅತಿಥಿಗಳ ಹೆಸರು, ವಿಳಾಸ ನಿಮ್ಮ ಹತ್ತಿರ ಇವೆ. ಹೊಸ ವರ್ಷದ ಶುಭಾಶಯ ಕಳಿಸಲು ಬರೆಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಒಬ್ಬೊಬ್ಬರಿಗೂ ಬರೆದು, ಅವರು ತಿಂದದ್ದು ಏನೆಂದು ತಿಳಿಸಿ. ಸೀತಾಮಹಾಲಕ್ಷ್ಮಿಯ ಹೊಲದ ಕಾಯಿಯನ್ನು ನಿಮ್ಮ ಖರ್ಚಿನಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಮೊದಲು ಅವಳಿಗೆ ಕೊಡಿ. ನಿಮ್ಮಿಂದ ಆಗದಿದ್ದರೆ ಆ ವಿಳಾಸಗಳನ್ನು ನನಗೆ ಕೊಡಿ. ಅನು ಇಂಗ್ಲಿಷಿನಲ್ಲಿ ಬರೆಯುತ್ತಾಳೆ, ನಾನು ರುಜು ಹಾಕುತ್ತೇನೆ. ಮೊದಲ ಪತ್ರ ಆ ಬೆಳ್ಳಿಗೂದಲಿನ ತಾಯಿಗೆ. ಅವರು ನಿಮ್ಮನ್ನು ಕೇಳಿರಲಿಲ್ಲ, ನನ್ನನ್ನು ಕೇಳಿದ್ದರು.

ಇಂತಿ,
ತನ್ನ ಕೈಯಾರೆ ಬಡಿಸಿದ್ದು ಏನೆಂದು ತಾನೇ ತಿಳಿಯದ ಅಡುಗೆಯವಳು,
ಗಿರಿಜಮ್ಮ