ಒಂದೂವರೆಯಿಂದ ಮೂರೂಕಾಲರವರೆಗೆ ಡಾಕ್ಟರು ಎಲ್ಲಿದ್ದರು?

ಮಾನ್ಯ ವಿಚಾರಣಾಧಿಕಾರಿಗಳೇ,

ನಮ್ಮ ಸರ್ಕಾರಿ ಆಸ್ಪತ್ರೆಯ ಡಾಕ್ಟರ ಸಾವಿನ ಬಗ್ಗೆ ತಾವು ಸಲ್ಲಿಸಿರುವ ಹನ್ನೊಂದು ಪುಟಗಳ ವರದಿಯಲ್ಲಿ ಎರಡು ವಾಕ್ಯಗಳು ಸುಳ್ಳು. ಏಳನೆಯ ಪುಟದಲ್ಲಿ ಹೀಗಿದೆ: "ಅಂದಿನ ಕೊನೆಯ ರೋಗಿಯ ಹೇಳಿಕೆಯ ಪ್ರಕಾರ ಹೊರರೋಗಿಗಳ ತಪಾಸಣೆ ಮಧ್ಯಾಹ್ನ ಒಂದೂವರೆಗೆ ಮುಗಿದಿತ್ತು, ಮೂರೂಕಾಲಿಗೆ ಸಂಭವಿಸಿದ ಮರಣವು ಕರ್ತವ್ಯದ ಅವಧಿಯಲ್ಲಿ ಆದುದಲ್ಲ." ಒಂಬತ್ತನೆಯ ಪುಟದಲ್ಲಿ ಹೀಗಿದೆ: "ವೈದ್ಯರಲ್ಲಿ ಸಾಮಾನ್ಯವಾಗಿರುವ ಅನುಕೂಲಸ್ಥ, ಸುಖಾಸಕ್ತ ಬದುಕು ಹೃದಯಾಘಾತಕ್ಕೆ ಕಾರಣವಾಗಿರಬಹುದು." ಈ ಎರಡು ವಾಕ್ಯಗಳ ಬಲದ ಮೇಲೆ ಡಾಕ್ಟರ ಹೆಂಡತಿಗೂ ಹನ್ನೊಂದು ವರ್ಷದ ಮಗಳಿಗೂ ಈ ತಿಂಗಳ ಕೊನೆಗೆ ವಸತಿಗೃಹ ಖಾಲಿ ಮಾಡುವಂತೆ ನೋಟಿಸು ಹೋಗಿದೆ. ಕರ್ತವ್ಯದಲ್ಲಿ ತೀರಿಕೊಂಡವರ ಮನೆಯವರಿಗೆ ಸಿಗಬೇಕಾದುದು ಯಾವುದೂ ಅವರಿಗೆ ಸಿಗುವುದಿಲ್ಲ ಎಂದೂ ಅದರಲ್ಲಿ ಬರೆದಿದೆ.

ತಾವು ಹೇಳುವ ಆ ಕೊನೆಯ ರೋಗಿ ನಾನು. ತಮಗೆ ಸುಳ್ಳು ಹೇಳಿದವನೂ ನಾನೇ.

ನನ್ನ ಕೆಲಸ ಬಸ್ ನಿಲ್ದಾಣದಲ್ಲಿ. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆದು, ಚಾಲಕನ ಸಹಿ ಹಾಕಿಸಿಕೊಂಡು ಸೀಟಿ ಊದುವುದು. ಇಪ್ಪತ್ತಾರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಗಡಿಯಾರ ನೋಡದೆ ನೀರನ್ನೂ ಕುಡಿಯದವನು ಎಂದು ಮನೆಯಲ್ಲಿ ನನ್ನನ್ನು ಹಂಗಿಸುತ್ತಾರೆ. ಆದ್ದರಿಂದ ಇಲ್ಲಿ ನಾನು ಕೊಡುವ ನಿಮಿಷಗಳ ಲೆಕ್ಕವನ್ನು ತಾವು ನಂಬಬಹುದು. ಒಂದು ಸಲ ಸುಳ್ಳು ಹೇಳಿದವನನ್ನು ಎರಡನೆಯ ಸಲ ಯಾಕೆ ನಂಬಬೇಕು ಎಂದು ಕೇಳಿದರೆ, ಅದಕ್ಕೂ ಉತ್ತರ ಮುಂದೆ ಇದೆ.

ಐದು ತಿಂಗಳ ಹಿಂದಿನ ಆ ಸೋಮವಾರ ನಾನು ಆಸ್ಪತ್ರೆಗೆ ಹೋದದ್ದು ಎಡಭುಜದ ನೋವಿಗೆ. ಹನ್ನೊಂದೂವರೆಗೆ ಸಾಲಿನಲ್ಲಿ ನಿಂತೆ. ಆ ಕೋಣೆಯಲ್ಲಿ ಡಾಕ್ಟರಿಗೆಂದು ಎರಡು ಕುರ್ಚಿಗಳಿವೆ. ಎರಡನೆಯ ಕುರ್ಚಿಯ ಮೇಲೆ ನಾಲ್ಕು ವರ್ಷದಿಂದ ಕೂತಿರುವುದು ಹಳೆಯ ಕಡತಗಳ ಕಟ್ಟು. ಆ ಹುದ್ದೆಗೆ ತಮ್ಮ ಇಲಾಖೆ ಯಾರನ್ನೂ ಕಳಿಸಿಲ್ಲ. ಇಬ್ಬರು ನೋಡಬೇಕಾದ ಸಾಲನ್ನು ಒಬ್ಬರೇ ನೋಡುತ್ತಿದ್ದರು. ಒಂದೂವರೆಗೆ ಸರಿಯಾಗಿ ಚೀಟಿ ಬರೆಯುವ ಗುಮಾಸ್ತರು ರಿಜಿಸ್ಟರ್ ಮುಚ್ಚಿ, ಕಪಾಟಿಗೆ ಬೀಗ ಹಾಕಿ ಹೊರಟರು. ಆಗ ಬೆಂಚಿನ ಮೇಲೆ, ನೆಲದ ಮೇಲೆ, ಗೋಡೆಗೆ ಒರಗಿ, ಚೀಟಿ ಸಿಗದೆ ಒಟ್ಟು ಇಪ್ಪತ್ತಾರು ಜನ ಉಳಿದಿದ್ದೆವು. ನಾನು ಎಣಿಸಿದ್ದೆ. ಪ್ರಯಾಣಿಕರನ್ನು ಎಣಿಸುವ ಚಟ.

ಆಸ್ಪತ್ರೆಯ ಆಯಾ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹೆಂಗಸು, ಬಾಗಿಲಿಗೆ ಅಡ್ಡ ನಿಂತು ಹೇಳಿದರು: "ಇವತ್ತಿಗೆ ಮುಗೀತ್ರಪ್ಪ. ಡಾಕ್ಟ್ರು ಬೆಳಗ್ಗೆಯಿಂದ ಒಂದು ತೊಟ್ಟು ನೀರು ಮುಟ್ಟಿಲ್ಲ. ನಾಳೆ ಬನ್ನಿ."

ಆಗ ಬಾಯಿ ತೆರೆದವನು ನಾನು. ನನ್ನ ಮಾತುಗಳನ್ನು ಇದ್ದಂತೆಯೇ ಬರೆಯುತ್ತೇನೆ. ತಿದ್ದಿದರೆ ಅದು ಮತ್ತೊಂದು ಸುಳ್ಳಾಗುತ್ತದೆ. "ಏನು, ಸಾಹೇಬ್ರಿಗೆ ಬಂಗಲೇಲಿ ಊಟ ಆರಿ ಹೋಗುತ್ತಾ? ನಾವು ಈ ಭುಜನೋವು ಇಟ್ಕೊಂಡು ನಾಳೆ ಬರ್ಬೇಕು, ಇವರು ಇವತ್ತು ಕಾರಲ್ಲಿ ಹೋಗಿ ಎಸಿ ಹಾಕ್ಕೊಂಡು ಮಲಗ್ಬೇಕು! ನಮ್ಮ ನೋವಲ್ಲಿ ಕೊಬ್ಬಿದೋರು ಕಣ್ರೀ ಇವರು!" ಕಾರಿಡಾರಿನಲ್ಲಿ ನಾಲ್ಕೈದು ಜನ ನಕ್ಕರು. ಒಬ್ಬ ಅಜ್ಜ, "ಸರಿಯಾಗಿ ಹೇಳ್ದೆ ಬಿಡಪ್ಪ" ಎಂದು ಬೆನ್ನು ತಟ್ಟಿದ. ನನಗೆ ಹೆಮ್ಮೆಯಾಯಿತು ಎಂಬುದನ್ನೂ ದಾಖಲಿಸುತ್ತೇನೆ.

ಡಾಕ್ಟರೇ ಬಾಗಿಲಿಗೆ ಬಂದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆದರೂ ನಕ್ಕರು. "ಯಾರ್ರೀ ಅದು ಭಾಷಣ ಮಾಡ್ತಿರೋದು? ಭುಜ ನೋವಿಗೆ ಬಂದು ಗಂಟಲು ನೋವು ತಗೊಂಡು ಹೋಗ್ಬೇಡಿ. ದೊಡ್ಡಮ್ಮ, ಎಲ್ಲರನ್ನೂ ಕೂರಿಸಿ. ನೋಡಿಯೇ ಹೋಗ್ತೀನಿ."

"ನಿಮ್ಮ ಮುಖ ನೋಡ್ಕೊಂಡಿದ್ದೀರಾ ಡಾಕ್ಟ್ರೇ?"

"ಅಸಿಡಿಟಿ ದೊಡ್ಡಮ್ಮ. ಒಂದು ಮಾತ್ರೆ ಕೊಡಿ, ಸಾಕು."

ದಿನಕ್ಕೆ ನೂರು ಜನರ ಕಾಯಿಲೆ ಕಂಡುಹಿಡಿಯುವವರು ತಮ್ಮ ಕಾಯಿಲೆಗೆ ಇಟ್ಟ ಹೆಸರು ಅದು. ಬೇರೆ ಯಾರಾದರೂ ಅದೇ ಮುಖ ಹೊತ್ತು ಒಳಗೆ ಹೋಗಿದ್ದರೆ ಅವರು ಆ ಮಾತನ್ನು ಒಪ್ಪುತ್ತಿದ್ದರೇ?

ಇಪ್ಪತ್ತೈದು ಜನರನ್ನು ನೋಡಿ ಮುಗಿಸಿದರು. ರಿಜಿಸ್ಟರ್ ಇರಲಿಲ್ಲವಾದ್ದರಿಂದ ಆ ಇಪ್ಪತ್ತೈದು ಜನ ತಮ್ಮ ವರದಿಯ ಮಟ್ಟಿಗೆ ಹುಟ್ಟಿಯೇ ಇಲ್ಲ. ಗಲಾಟೆ ಮಾಡಿದವನೆಂಬ ನಾಚಿಕೆಯಿಂದ ನಾನು ಎಲ್ಲರನ್ನೂ ಮುಂದೆ ಬಿಟ್ಟು ಕೊನೆಯವನಾದೆ. ಒಳಗೆ ಹೋದಾಗ ಮೂರಕ್ಕೆ ಎರಡು ನಿಮಿಷವಿತ್ತು.

ಅವರು ಒಂದು ಖಾಲಿ ಚೀಟಿಯಲ್ಲಿ ನನ್ನ ಹೆಸರು, ಫೋನ್ ನಂಬರ್ ಬರೆದುಕೊಂಡು, ನನ್ನ ಕೈ ಎತ್ತಿಸಿದರು, ಇಳಿಸಿದರು. ಅವರ ಬೆರಳು ತಣ್ಣಗಿದ್ದವು, ಒದ್ದೆಯಾಗಿದ್ದವು. ಆಮೇಲೆ ಮೂರು ಪ್ರಶ್ನೆ ಕೇಳಿದರು. "ನೋವು ಎದೆಯಿಂದ ಶುರುವಾಗುತ್ತಾ? ದವಡೆಗೆ ಹರಿಯುತ್ತಾ? ತಣ್ಣಗೆ ಬೆವರು ಬರುತ್ತಾ?" ಮೂರಕ್ಕೂ ಇಲ್ಲ ಎಂದೆ. ಎರಡನೆಯ ಪ್ರಶ್ನೆ ಕೇಳುವಾಗ ಅವರ ಕೈ ಅವರದೇ ದವಡೆಯನ್ನು ಉಜ್ಜುತ್ತಿತ್ತು. ಮೂರನೆಯದನ್ನು ಕೇಳುವಾಗ ಅವರ ಹಣೆಯಿಂದ ಒಂದು ಹನಿ ನನ್ನ ಚೀಟಿಯ ಮೇಲೆ ಬಿತ್ತು. ಫ್ಯಾನ್ ನಿಧಾನವಾಗಿ ತಿರುಗುತ್ತಿತ್ತು. ಸೆಕೆಗೆ ಬೆವರಿದ್ದಾರೆ ಎಂದುಕೊಂಡೆ. ತನ್ನ ದೇಹದಲ್ಲಿ ನಡೆಯುತ್ತಿದ್ದುದನ್ನು ಒಬ್ಬ ಮನುಷ್ಯ ಒಂದೊಂದಾಗಿ ನನ್ನಲ್ಲಿ ಹುಡುಕುತ್ತಿದ್ದ. ಮಾನ್ಯರೇ, ಅದು ಅವರಿಗೆ ಗೊತ್ತಿತ್ತೇ? ಗೊತ್ತಿದ್ದೂ ನನ್ನದು ಮುಗಿಯಲಿ ಎಂದು ಕೂತಿದ್ದರೇ? ಐದು ತಿಂಗಳಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

"ಎಡಭುಜ ಅಲ್ವಾ, ಯಾವುದಕ್ಕೂ ಒಂದು ಇಸಿಜಿ ತೆಗೆದುಬಿಡೋಣ" ಎಂದರು. ಯಂತ್ರ ಆ ಕೋಣೆಯಲ್ಲೇ, ಪರದೆಯ ಹಿಂದೆ ಇತ್ತು. ಅದನ್ನು ನಡೆಸುವವರು ಒಂದೂವರೆಗೇ ಹೋಗಿದ್ದರು. ಡಾಕ್ಟರೇ ಎದ್ದು ಬಂದು, ನನ್ನ ಎದೆಗೆ ತಂತಿಗಳನ್ನು ಅಂಟಿಸಿ, ಗುಂಡಿ ಒತ್ತಿ, ಹೊರಬಂದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಅಂಚಿನಲ್ಲಿ ನಾರ್ಮಲ್ ಎಂದು ಬರೆದು ಸಹಿ ಹಾಕಿ ನನ್ನ ಕೈಗಿತ್ತರು. "ನಿಮ್ಮ ಹಾರ್ಟು ನನ್ನದಕ್ಕಿಂತ ಗಟ್ಟಿಯಾಗಿದೆ ರೀ. ಇನ್ನೂ ಇಪ್ಪತ್ತು ವರ್ಷ ಆರಾಮಾಗಿ ಜಗಳ ಆಡಬಹುದು."

ಇದು ಅವರ ಕೊನೆಯ ಮಾತು.

ನಾನು ಪರದೆಯ ಹಿಂದೆ ಅಂಗಿಯ ಗುಂಡಿ ಹಾಕಿಕೊಂಡು ಹೊರಗೆ ಬಂದಾಗ ಅವರು ಕೈಯಲ್ಲಿ ಪೆನ್ನು ಹಿಡಿದೇ ಮೇಜಿನ ಮೇಲೆ ತಲೆಯಿಟ್ಟಿದ್ದರು. "ಬರ್ತೀನಿ ಡಾಕ್ಟ್ರೇ" ಎಂದೆ. ಉತ್ತರ ಬರಲಿಲ್ಲ. ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದದ್ದನ್ನೂ ಹೇಳಿಬಿಡುತ್ತೇನೆ: ಕೆಲಸ ಮುಗಿದ ಮೇಲೆ ನಮ್ಮಂಥವರ ಕಡೆ ತಿರುಗಿಯೂ ನೋಡುವುದಿಲ್ಲ, ಎಷ್ಟು ಸೊಕ್ಕು! ಹಾಗೆಂದುಕೊಂಡು ಹೊರಗೆ ನಡೆದೆ. ಕಾರಿಡಾರಿನ ಗಡಿಯಾರದಲ್ಲಿ ಮೂರು ಗಂಟೆ ಹನ್ನೆರಡು ನಿಮಿಷ. ದೊಡ್ಡಮ್ಮ ಲೋಟದಲ್ಲಿ ನೀರು ಹಿಡಿದು ನನ್ನ ಎದುರಿಗೆ ಬಂದು ಒಳಗೆ ಹೋದರು. ನಾನು ಗೇಟು ಮುಟ್ಟುವಷ್ಟರಲ್ಲಿ ಅವರ ಚೀರಾಟ ಕೇಳಿಸಿತು. ನಾನು ಹಿಂತಿರುಗಲಿಲ್ಲ.

ಮೇಜಿನ ಮೇಲೆ ಉಳಿದಿದ್ದ ನನ್ನ ಚೀಟಿಯಿಂದ ತಮ್ಮ ಕಚೇರಿಯವರಿಗೆ ನನ್ನ ಫೋನ್ ನಂಬರ್ ಸಿಕ್ಕಿತು. ಆರನೆಯ ದಿನ ಯಾರೋ ಕರೆ ಮಾಡಿ, "ಎಷ್ಟು ಹೊತ್ತಿಗೆ ಆಸ್ಪತ್ರೆ ಬಿಟ್ರಿ?" ಎಂದು ಕೇಳಿದರು. ಅಷ್ಟರಲ್ಲಿ ನಿಲ್ದಾಣದಲ್ಲಿ ಸುದ್ದಿ ಹಬ್ಬಿತ್ತು, ಯಾವನೋ ಗಲಾಟೆ ಮಾಡಿ ಡಾಕ್ಟರ ಪ್ರಾಣ ತೆಗೆದನಂತೆ ಎಂದು. "ಒಂದೂವರೆಗೇ ಬಿಟ್ಟೆ ಸಾರ್. ಅಷ್ಟೊತ್ತಿಗೆ ಎಲ್ಲಾ ಮುಗಿದಿತ್ತು" ಎಂದೆ. ಕರೆ ಒಂದು ನಿಮಿಷವೂ ನಡೆಯಲಿಲ್ಲ. ನಿಜ ಹೇಳಿದ ದೊಡ್ಡಮ್ಮನ ಮಾತನ್ನು ತಾವು "ದಿನಗೂಲಿ ನೌಕರಳ ಹೇಳಿಕೆ ದಾಖಲೆಗಳಿಗೆ ಹೊಂದುವುದಿಲ್ಲ" ಎಂದು ಬದಿಗೆ ಸರಿಸಿದಿರಿ. ಫೋನಿನಲ್ಲಿ ಹೇಳಿದ ನನ್ನ ಸುಳ್ಳು ದಾಖಲೆಗಳಿಗೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ನೋಡಿ! ಮೂರೂಕಾಲಿಗೆ ಅವರು ಅದೇ ಕೋಣೆಯಲ್ಲಿ ಯಾಕಿದ್ದರು ಎಂಬುದಕ್ಕೆ ತಮ್ಮ ವರದಿ ಕೊಡುವ ಉತ್ತರ, "ಖಾಸಗಿ ಕೆಲಸ ಮುಗಿಸಿ ವಿಶ್ರಾಂತಿಗೆ ಮರಳಿರಬಹುದು." ಕೈಯಲ್ಲಿ ಪೆನ್ನು ಹಿಡಿದುಕೊಂಡೇ ಯಾರು ವಿಶ್ರಾಂತಿ ಪಡೆಯುತ್ತಾರೆ, ಮಾನ್ಯರೇ?

ಇನ್ನು ಸುಖದ ವಿಷಯ. ಡಾಕ್ಟರುಗಳೆಲ್ಲ ಬಡವರು ಎಂದು ನಾನು ವಾದಿಸುವುದಿಲ್ಲ, ಅದು ನಿಜವಲ್ಲ. ಮುಖ್ಯರಸ್ತೆಯಲ್ಲಿ ಎರಡು ಗೇಟಿನ ಬಂಗಲೆ ಕಟ್ಟಿಸಿದ ಡಾಕ್ಟರೊಬ್ಬರು ಇದ್ದಾರೆ. ಒಂದು ಗೇಟು ಬರಲಿಕ್ಕೆ, ಇನ್ನೊಂದು ಹೋಗಲಿಕ್ಕೆ. ನಾವು ದಿನಾ ನೋಡುವುದು ಆ ಮನೆಯನ್ನು, ಬೈಯುವುದು ಈ ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು. ಬಿಳಿ ಕೋಟು ಕಂಡರೆ ಸಾಕು, ಅದರ ಹಿಂದೆ ಬಂಗಲೆ ಇದ್ದೇ ಇರುತ್ತದೆ ಎಂದು ನಮ್ಮ ಕಣ್ಣೇ ಕಟ್ಟಿಬಿಡುತ್ತದೆ. ಬಸ್ ನಿಲ್ದಾಣದ ಮಾತು ಹಾಗಿದ್ದರೆ ಇರಲಿ. ಸರ್ಕಾರಿ ವರದಿ ಬಸ್ ನಿಲ್ದಾಣದ ಮಾತನ್ನೇ ಬರೆಯಬೇಕೇ? ಆ ವಾಕ್ಯ ಬರೆಯುವ ಮುನ್ನ ಆಸ್ಪತ್ರೆಯ ಹಿಂದಿರುವ ಅವರ ಮನೆಯ ಬಾಗಿಲನ್ನು ಯಾರಾದರೂ ಒಮ್ಮೆ ತಟ್ಟಿದ್ದರೇ?

ವರದಿ ಪತ್ರಿಕೆಯಲ್ಲಿ ಬಂದ ವಾರ ನಾನು ತಟ್ಟಿದೆ. ಹಳೆಯ ರೋಗಿ ಎಂದಷ್ಟೇ ಹೇಳಿದೆ. ಎರಡು ಕೋಣೆ. ಒಂದು ಗೋಡೆಗೆ ತೇವ ಹತ್ತಿ ಸುಣ್ಣ ಉದುರಿದೆ. ನಾನು ಹೊಟ್ಟೆಕಿಚ್ಚುಪಟ್ಟ ಕಾರು ಹೊರಗೇ ನಿಂತಿತ್ತು. ಮೂವರು ಮಾರಿದ ಮೇಲೆ ಇವರು ಕೊಂಡದ್ದಂತೆ. ಅದರ ಎಡಬಾಗಿಲನ್ನು ಗಾಯಕ್ಕೆ ಸುತ್ತುವ ಬ್ಯಾಂಡೇಜಿನಿಂದ ಬಿಗಿದು ಕಟ್ಟಿದ್ದರು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಡಾಕ್ಟರ ಹೆಂಡತಿ, "ಪೇಷಂಟು ಇನ್ನೂ ಉಸಿರಾಡ್ತಿದೆ ಅಂತಿದ್ರು" ಎಂದರು. ಒಳಗೆ ಒಂದು ದೊಡ್ಡ ಫ್ರಿಜ್ ಇತ್ತು. ಅಂತೂ ಒಂದು ಸುಖದ ಸಾಮಾನು ಸಿಕ್ಕಿತು ಎಂದುಕೊಂಡೆ. ನೀರು ಕೊಡಲೆಂದು ಅವರು ಬಾಗಿಲು ತೆರೆದಾಗ ಕಂಡದ್ದು ಸಾಲುಸಾಲಾಗಿ ಇನ್ಸುಲಿನ್ ಸೀಸೆಗಳು. ಪ್ರತಿಯೊಂದರ ಮೇಲೂ ಪ್ಲಾಸ್ಟರ್ ಅಂಟಿಸಿ ಹೆಸರು ಬರೆದಿತ್ತು. ಮನೆಯಲ್ಲಿ ಫ್ರಿಜ್ ಇಲ್ಲದ ರೋಗಿಗಳ ಔಷಧಿ ಅದು. ಅವರು ಬೆಳಿಗ್ಗೆ ಬಂದು ತಮ್ಮ ತಮ್ಮ ಸೀಸೆಯಿಂದ ಚುಚ್ಚಿಸಿಕೊಂಡು ಹೋಗುತ್ತಿದ್ದರಂತೆ. ಈ ಮನೆಯವರದು ಎಂದು ಅದರಲ್ಲಿದ್ದದ್ದು ಒಂದು ಹಾಲಿನ ಪೊಟ್ಟಣ, ಅರ್ಧ ನಿಂಬೆಹಣ್ಣು.

"ಮನೆ ಬಿಡೋಕೆ ಭಯ ಇಲ್ಲ ಅಣ್ಣಾ" ಎಂದರು ಆಕೆ. "ಎಲ್ಲಾದರೂ ಒಂದು ಕೋಣೆ ಸಿಗುತ್ತೆ. ಆದ್ರೆ ವರದೀಲಿ ಒಂದೂವರೆಗೆ ಕೆಲಸ ಮುಗಿದಿತ್ತು ಅಂತಿದೆ. ಆಸ್ಪತ್ರೆಯಿಂದ ಇಲ್ಲಿಗೆ ಐದು ನಿಮಿಷ. ನಾನು ತಟ್ಟೆ ಇಟ್ಕೊಂಡು ಕಾಯ್ತಿದ್ದೆ. ಒಂದೂವರೆಯಿಂದ ಮೂರೂಕಾಲರವರೆಗೆ ಇವರು ಎಲ್ಲಿದ್ರು? ದೊಡ್ಡಮ್ಮ ಹೇಳೋದನ್ನ ಯಾರೂ ನಂಬ್ತಿಲ್ಲ. ಯಾವುದೋ ನರ್ಸಿಂಗ್ ಹೋಮಲ್ಲಿ ದುಡೀತಿದ್ರು ಅಂತ ಒಬ್ರು ಅಂತಾರೆ. ಇನ್ನೊಬ್ರು ಇನ್ನೇನೋ ಅಂತಾರೆ, ಅದನ್ನ ನಾನು ಬಾಯಲ್ಲಿ ಹೇಳಲ್ಲ. ಸ್ಕೂಲಲ್ಲಿ ಮಕ್ಕಳು ಇವಳಿಗೆ ಹೇಳಿದ್ದಾರೆ."

ಒಳಗಿನ ಕೋಣೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ನನ್ನನ್ನೇ ನೋಡಿ, "ಅಂಕಲ್, ನೀವು ಅವತ್ತು ಆಸ್ಪತ್ರೇಲಿ ಇದ್ರಾ?" ಎಂದು ಕೇಳಿದಳು.

"ಇಲ್ಲಮ್ಮಾ" ಎಂದೆ. ಅದು ನನ್ನ ಎರಡನೆಯ ಸುಳ್ಳು, ಮಾನ್ಯರೇ. ಮೊದಲನೆಯದನ್ನು ಫೋನಿಗೆ ಹೇಳಿದ್ದೆ. ಇದನ್ನು ಒಂದು ಮುಖಕ್ಕೆ ಹೇಳಿದೆ.

ಅಂದಿನಿಂದ ನನ್ನ ಕೆಲಸ ಕೆಟ್ಟಿದೆ. ಒಂದೂವರೆಯ ಬಸ್ಸಿಗೆ ಸೀಟಿ ಊದಿದ ಮೇಲೆ ಮೂರೂಕಾಲರವರೆಗೆ ಹೊರಡುವ ಬಸ್ಸುಗಳ ಹೊತ್ತನ್ನು ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ. ಕಿಟಕಿಯ ಮುಂದೆ ಯಾರಾದರೂ ಹಣೆ ಒರೆಸಿಕೊಂಡರೆ ನನ್ನ ಬಾಯಿಂದ ತಾನಾಗಿ ಬರುತ್ತದೆ: "ನೋವು ದವಡೆಗೆ ಹರಿಯುತ್ತಾ?" ಮೊನ್ನೆ ಒಬ್ಬ ಕಂಡಕ್ಟರ್ ನಕ್ಕು, "ಏನಣ್ಣಾ, ಡಾಕ್ಟರ್ ಆಗ್ಬಿಟ್ಟೆ? ಹಂಗಾದ್ರೆ ಬಂಗಲೆ ಯಾವಾಗ ಕಟ್ಟಿಸ್ತೀಯಾ?" ಎಂದ. ನಾಲ್ಕೈದು ಜನ ನಕ್ಕರು. ಆ ನಗುವನ್ನು ನಾನು ಮೊದಲು ಎಲ್ಲಿ ಕೇಳಿದ್ದೆ ಎಂದು ತಮಗೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ಒಂದು ನಿಯಮವಿದೆ. ಚಾಲಕನ ಪಾಳಿ ಮುಗಿದರೂ ಬದಲಿ ಚಾಲಕ ಬಂದು ಸೀಟಿನಲ್ಲಿ ಕೂರುವವರೆಗೆ ಅವನು ಡ್ಯೂಟಿಯಲ್ಲೇ ಇದ್ದಾನೆಂದು ನಾನು ಬರೆಯಬೇಕು. ಬಸ್ಸಿನಲ್ಲಿ ಜನ ಕೂತಿರುವಾಗ ಪಾಳಿ ಮುಗಿಯಿತೆಂದು ಅವನು ದಾರಿಯಲ್ಲಿ ಇಳಿದು ಹೋಗುವಂತಿಲ್ಲ. ಬಸ್ಸಿಗೆ ಇರುವಷ್ಟು ನ್ಯಾಯ ಆಸ್ಪತ್ರೆಗೆ ಬೇಡವೇ? ಇಪ್ಪತ್ತಾರು ಜನ ಕೂತಿದ್ದರು. ಬದಲಿಯವರು ನಾಲ್ಕು ವರ್ಷದಿಂದ ಬಂದಿರಲಿಲ್ಲ.

ನನ್ನನ್ನು ಯಾಕೆ ನಂಬಬೇಕು ಎಂಬುದಕ್ಕೆ ಉತ್ತರ ಈ ಪತ್ರದ ಜೊತೆಗಿದೆ. ನನ್ನ ಇಸಿಜಿ ಕಾಗದದ ಪ್ರತಿ. ಯಂತ್ರ ತಾನೇ ಮುದ್ರಿಸಿದ ದಿನಾಂಕವೂ ಸಮಯವೂ ಅದರ ಮೇಲಿವೆ: ಮೂರು ಗಂಟೆ ಏಳು ನಿಮಿಷ. ಪಕ್ಕದಲ್ಲಿ ಡಾಕ್ಟರ ಸಹಿ. ಸಹಿಯ ಕೊನೆಯ ಗೆರೆ ಅಂಚಿನವರೆಗೂ ಜಾರಿದೆ. ಸಾಯುವ ಕೆಲವೇ ನಿಮಿಷ ಮುಂಚೆ ಅವರು ಯಾವ ಖಾಸಗಿ ಕೆಲಸದಲ್ಲಿದ್ದರು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಮೂಲ ಪ್ರತಿ ನನ್ನ ಬಳಿ ಇದೆ. ಈ ಐದು ತಿಂಗಳೂ ಅದು ನನ್ನ ಬಳಿಯೇ ಇತ್ತು.

ಆದ್ದರಿಂದ ನನ್ನ ಹೇಳಿಕೆಯನ್ನು ಈ ಸಲ ಫೋನಿನಲ್ಲಲ್ಲ, ಎದುರಿಗೆ ಕೂರಿಸಿಕೊಂಡು, ಪ್ರಮಾಣ ಮಾಡಿಸಿ ಬರೆದುಕೊಳ್ಳಿ. ದೊಡ್ಡಮ್ಮನನ್ನೂ ಕರೆಸಿ, ಅವರಿಗೂ ಒಂದು ಕುರ್ಚಿ ಕೊಡಿ. ಏಳನೆಯ ಮತ್ತು ಒಂಬತ್ತನೆಯ ಪುಟದ ಆ ವಾಕ್ಯಗಳನ್ನು ಹೊಡೆದುಹಾಕಿ. ಮನೆ ಬಿಡುವ ನೋಟಿಸನ್ನು ಅಲ್ಲಿಯವರೆಗೆ ತಡೆಯಿರಿ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನಗೆ ಆಗಬೇಕಾದ ಶಿಕ್ಷೆ ಆಗಲಿ, ತಕರಾರಿಲ್ಲ. ನಾನೇ ಹೋಗಿ ಆ ಮಗುವಿಗೆ ನಿಜ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳುತ್ತೇನೆ, ಪತ್ರಿಕೆಗೂ ಕಳಿಸಿರುವ ಈ ಪತ್ರ ನಾಳೆ ಅಚ್ಚಾದ ಕೂಡಲೇ ಹೋಗುತ್ತೇನೆ. ಆದರೆ ಶಾಲೆಯಲ್ಲಿ ಅವಳ ಬೆನ್ನ ಹಿಂದೆ ಮಾತಾಡುವವರ ಬಾಯಿ ಬಸ್ ನಿಲ್ದಾಣದವನ ಮಾತಿಗೆ ಮುಚ್ಚುವುದಿಲ್ಲ. ಅವಳು ತೋರಿಸಲು ಒಂದು ಕಾಗದ ಬೇಕು. ಅಂದು ಒಂದೂವರೆಯಿಂದ ಮೂರು ಗಂಟೆ ಹನ್ನೆರಡು ನಿಮಿಷದವರೆಗೆ ಅವಳ ಅಪ್ಪ ರೋಗಿಗಳನ್ನು ನೋಡುತ್ತಿದ್ದರು ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ ಅವಳ ಕೈಗೆ ಕೊಡಿ.

ಇಂತಿ,
ಗಟ್ಟಿ ಹೃದಯದವನೆಂದು ಪ್ರಮಾಣಪತ್ರ ಪಡೆದ ಒಬ್ಬ ಹೇಡಿ