ರೈಟರಿಗೆ ಎಲೆ ಎಲ್ಲಿ?

ಪದಕ ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ, ಕಳೆದ ಭಾನುವಾರ ಚಿಕ್ಕಮಗಳೂರಿನಲ್ಲಿ ತಾವು ಒಂದು ಕನ್ನಡ ಟಾಕಿ ಚಿತ್ರಕ್ಕೆ ಚಿನ್ನದ ಪದಕ ಕೊಟ್ಟಿರಿ. ಅದರ ಕಥೆ, ಮಾತು ಬರೆದವರನ್ನು ಗೇಟಿನಲ್ಲಿ ಕೂರಿಸಿ ಬಂದವರ ಹೆಸರು ಬರೆಸಿದಿರಿ. ನನ್ನ ದೂರು ಇಷ್ಟೇ. ಕಾಗದಕ್ಕೆ ಬರ ಬಂದಿರುವ ಈ ಯುದ್ಧಕಾಲದಲ್ಲಿ ಇಷ್ಟಕ್ಕೊಂದು ಬಹಿರಂಗ ಪತ್ರವೇ ಎನ್ನುವವರು ದಯಮಾಡಿ ಕೊನೆಯವರೆಗೆ ಓದಬೇಕು.

ಇವನು ಯಾರು ಕೇಳಲಿಕ್ಕೆ ಅಂತೀರಾ? ಮೂಡಿಗೆರೆಯ ಟೆಂಟ್ ಸಿನಿಮಾದ ಬಾಗಿಲಲ್ಲಿ ಗೋಲಿ ಸೋಡಾ ಮಾರುವವನು. ಅದಕ್ಕೂ ಮುಂಚೆ, ಚಿತ್ರಗಳಿಗೆ ಇನ್ನೂ ಬಾಯಿ ಬಂದಿರದ ಕಾಲದಲ್ಲಿ, ಪರದೆಯ ಪಕ್ಕ ಕೋಲು ಹಿಡಿದು ನಿಂತು ಕಥೆ ಹೇಳುತ್ತಿದ್ದವನು. ರಾಜನಿಗೂ ನಾನೇ ಬಾಯಿ, ರಾಣಿಗೂ ನಾನೇ, ರಾಣಿಯ ಕುದುರೆಗೂ ನಾನೇ. ಒಮ್ಮೆ ಬಾಳೂರಿನಲ್ಲಿ ರೀಲು ಹಿಂದುಮುಂದಾಗಿ, ಚಿತೆ ಏರಿದ್ದ ನಾಯಕ ಮುಂದಿನ ರೀಲಿನಲ್ಲಿ ಬಾಸಿಂಗ ಕಟ್ಟಿಕೊಂಡು ಹಸೆಮಣೆಗೆ ಬಂದ. ಜನ ಗದ್ದಲ ಎಬ್ಬಿಸುವ ಮುಂಚೆಯೇ 'ಇದು ಅವನ ಮುಂದಿನ ಜನ್ಮ ಕಣ್ರಪ್ಪಾ' ಎಂದೆ. ಒಪ್ಪಿದರು. ಕೆಲವರು ಕೈಮುಗಿದರು ಕೂಡ. ಪರದೆಯ ಮೇಲೆ ಏನು ಕುಣಿದರೂ ಕಥೆಯನ್ನು ದಡ ಮುಟ್ಟಿಸುವುದು ಮಾತು ಎಂದು ನನಗೆ ಗೊತ್ತಾದದ್ದು ಅವತ್ತು. ಆಮೇಲೆ ಟಾಕಿ ಬಂತು. ನನ್ನ ಬಾಯಿ ಮುಚ್ಚಿತು, ಸೋಡಾ ಬಾಟಲಿಯ ಬಾಯಿ ತೆರೆಯಿತು.

ಟಾಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು ತಮಗೆ ಸಮಿತಿ ಇದೆ, ನನಗೆ ಸೋಡಾ ಇದೆ. ಒಳಗೆ 'ಹಾ ಪ್ರಾಣಕಾಂತಾ! ಹಾ ವಿಧಿಯೇ!' ಶುರುವಾದರೆ ಸಾಕು, ಅರ್ಧ ಟೆಂಟಿಗೆ ಬಾಯಾರಿಕೆ. ಕೆಟ್ಟ ಬರವಣಿಗೆಯಿಂದ ಅನ್ನ ಉಣ್ಣುತ್ತಿರುವವನು ನಾನು. ಅಂಥವನು ಒಳ್ಳೆಯ ಬರವಣಿಗೆಯನ್ನು ಹೊಗಳಿದರೆ ಸ್ವಂತ ನಷ್ಟದ ಮೇಲೆ ಹೊಗಳಿದ ಹಾಗೆ. ತಮ್ಮ ಸಮಿತಿಯಲ್ಲಿ ಹಾಗೆ ಹೊಗಳಿದವರು ಯಾರಿದ್ದಾರೆ?

ತಾವು ಪದಕ ಕೊಟ್ಟ ಟಾಕಿ ನನ್ನ ವ್ಯಾಪಾರವನ್ನು ಹಾಳು ಮಾಡಿತು. ಗಂಡ ಪರವೂರಿಂದ ಬರುತ್ತಾನೆ. ಹಿಂದೆ ಒಬ್ಬಳು ಹೊಸಬಳು. ಯಾರು ಏನು ಎಂದು ಅವನು ಹೇಳುವುದಿಲ್ಲ. ಹೆಂಡತಿ ಅಡಿಗೆಮನೆಯಿಂದ ಬಂದು ಇಬ್ಬರನ್ನೂ ನೋಡುತ್ತಾಳೆ. ಬೇರೆ ಟಾಕಿಯಾಗಿದ್ದರೆ ಇಲ್ಲಿ ಎದೆ ಬಡಿದುಕೊಂಡು ಒಂದು ಹಾಡು. ಇವಳು ಕೇಳುವುದು ಇಷ್ಟೇ: 'ಇವಳಿಗೆ ಎಲೆ ನಿಮ್ಮ ಜೊತೆಗೋ, ನನ್ನ ಜೊತೆಗೋ?'

ನೆಂಟಳಾದರೆ ಈಗಲೇ ಅವನ ಪಂಕ್ತಿಯಲ್ಲಿ ಎಲೆ. ಮನೆಯವಳಾದರೆ ಅವನ ಊಟ ಮುಗಿದ ಮೇಲೆ ಹೆಂಡತಿಯ ಜೊತೆ. ಒಂದು ಸಂಸಾರದ ಕೋರ್ಟು ಕಚೇರಿಯೆಲ್ಲ ಒಂದು ಬಾಳೆಎಲೆಯ ಮೇಲೆ ಬಂದು ಕೂತಿತು! ಗಂಡ ತಲೆಯೆತ್ತಿ ಮಾಡಿನ ತೊಲೆ ನೋಡುತ್ತಾನೆ. ಟೆಂಟಿನ ಮುಂದಿನ ಸಾಲಿನಿಂದ, ತೋಟಕ್ಕೆ ಕಾಫಿ ಹಣ್ಣು ಕೊಯ್ಯಲು ಬರುವ ದೇವೀರಮ್ಮ ಕೂಗಿದಳು: 'ಬೊಗಳಯ್ಯ! ಬಾಯಲ್ಲಿ ಕಡುಬು ಇಟ್ಕೊಂಡಿದೀಯಾ?' ಹೊಸಬಳು ಸೆರಗು ಸೊಂಟಕ್ಕೆ ಸಿಕ್ಕಿಸಿ, 'ಕೊಡಿ ಅಕ್ಕ, ನಾನು ಬಡಿಸ್ತೀನಿ' ಎಂದಳು. ಮುಗಿಯಿತು. ಉತ್ತರ ಬಂತು, 'ಸವತಿ' ಎಂಬ ಪದವನ್ನು ಯಾರೂ ಆಡಲಿಲ್ಲ. ಆ ಹೊತ್ತು ಒಂದು ನರಪಿಳ್ಳೆಯೂ ಸೋಡಾಕ್ಕೆ ಹೊರಗೆ ಬರಲಿಲ್ಲ. ನಾನೇ ಅಂಗಡಿ ಬಿಟ್ಟು ಒಳಗೆ ಹೋಗಿದ್ದೆ.

ಈ ಮಾತಿಗೆ ನಟಿಗೆ ಪದಕ ಕೊಟ್ಟಿರಿ, ಸಂತೋಷ. ಚಿತ್ರ ತೆಗೆದ ಯಜಮಾನರಿಗೆ ಪದಕ, ಶಬ್ದ ಹಿಡಿದವರಿಗೆ ಶಾಲು, ಟೆಂಟಿನ ಗುತ್ತಿಗೆದಾರರಿಗೆ ನಿಂಬೆಹಣ್ಣು. ಬರೆದವರಿಗೆ? 'ಮಾತು ಆಕೆಯ ಬಾಯಿಂದ ತಾನೇ ಬಂತು' ಎಂದು ತಮ್ಮ ಸದಸ್ಯರೊಬ್ಬರು ವಾದಿಸಿದರಂತೆ. ಹೌದು ಸ್ವಾಮಿ, ಕಾಫಿಯೂ ಲೋಟದಿಂದಲೇ ಬರುತ್ತದೆ. ಈ ಕಾಫಿ ಗುಡ್ಡಗಳಲ್ಲಿ ಕೂತು ಲೋಟಕ್ಕೆ ಪದಕ ಕೊಡಬಹುದೇ?

ಇನ್ನು ಗೇಟಿನ ವಿಷಯ. ಬರೆದವರು ನಮ್ಮ ವಸ್ತಾರೆಯ ಮಲ್ಲಿಕಾರ್ಜುನ. ನಾಟಕದ ಕಂಪನಿಯ ಜೊತೆ ಮದರಾಸು ಸೇರಿದವರು. ತಮ್ಮ ಆಹ್ವಾನ ನಂಬಿ ಬಂದರು. ಗೇಟಿನಲ್ಲಿ ತಮ್ಮ ಸ್ವಯಂಸೇವಕ 'ತಾವ್ಯಾರು?' ಎಂದ. 'ಈ ಟಾಕಿಯ ರೈಟರು' ಎಂದರು. ನಮ್ಮಲ್ಲಿ ರೈಟರ್ ಎಂದರೆ ತೋಟದಲ್ಲಿ ಆಳುಗಳ ಹಾಜರಿ ಬರೆಯುವವನು. ಬೇರೆ ಬಗೆಯ ರೈಟರನ್ನು ಆ ಹುಡುಗ ಹುಟ್ಟಿದಾಗಿನಿಂದ ಕಂಡಿಲ್ಲ.

'ಓ, ರೈಟರಾ! ಈಗ ಬರೋದಾ ಮಾರಾಯ? ದೊರೆಗಳೆಲ್ಲ ಬರ್ತಾ ಇದಾರೆ. ಕೂತ್ಕೊ, ಹೆಸರು ಬರಿ.'

ಸಭೆಗೆ ಸೋಡಾ ಪೆಟ್ಟಿಗೆ ಇಳಿಸುತ್ತಿದ್ದ ನಾನು ಓಡಿಬಂದೆ. 'ಎದ್ದೇಳಿ ಸ್ವಾಮಿ, ನಾನು ಹೇಳ್ತೀನಿ ಅವನಿಗೆ.'

'ಸುಮ್ನಿರಿ ಗುರುವಯ್ಯನೋರೆ. ಒಳಗೆ ಬರೀ ಭಾಷಣ. ಇಲ್ಲಿ ಕೂತ್ರೆ ಬರೆಯೋಕೆ ಮಾತು ಸಿಗುತ್ತೆ' ಎಂದು ನಕ್ಕರು. ನಕ್ಕದ್ದು ನಿಜ. ಆದರೆ ಒಳಗೆ ಒಂದೊಂದು ಹೆಸರು ಕೂಗಿದಾಗಲೂ ಅವರ ಪೆನ್ನು ತಡೆದು ನಿಲ್ಲುತ್ತಿದ್ದುದನ್ನೂ ನೋಡಿದೆ.

ಅವರ ಪತ್ನಿ ಸಾವಿತ್ರಮ್ಮನವರು, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸಿನಿಂದ ಏರು ಬಂದಲ್ಲೆಲ್ಲ ಇಳಿದು ನಡೆದು ಬಂದವರು, ಒಳಗೆ ಹೆಂಗಸರ ಸಾಲಿನಲ್ಲಿ ಗಂಡನ ಹೆಸರಿಗೆ ಕಾಯುತ್ತಿದ್ದರು. ಪಕ್ಕದ ಸಾಹುಕಾರರ ಮನೆಯಾಕೆ 'ನಿಮ್ಮೋರು ಏನಾಗಿದಾರೆ?' ಎಂದರಂತೆ. 'ರೈಟರು.' 'ಯಾವ ಎಸ್ಟೇಟಲ್ಲಿ?' ಇದನ್ನು ಸಾವಿತ್ರಮ್ಮನವರೇ ಆಮೇಲೆ ಹೇಳಿ ನಗಲು ನೋಡಿದರು. ಆಗಲಿಲ್ಲ.

ಊಟದ ಹೊತ್ತಿಗೆ ಅಡಿಗೆಯ ಮಂಜಯ್ಯ ಎಲೆಯ ಕಟ್ಟು ಹಿಡಿದು ತಮ್ಮ ಹತ್ತಿರ ಬಂದ. 'ಅಯ್ಯಾ, ಗೇಟಿನ ರೈಟರಿಗೆ ಎಲೆ ನಿಮ್ಮ ಜೊತೆಗೋ, ಬಡಿಸೋರ ಜೊತೆಗೋ?'

ಮಂಜಯ್ಯ ಟಾಕಿ ನೋಡಿದವನಲ್ಲ, ತಾವು ನೋಡಿದವರು. ಆಗಷ್ಟೇ ವೇದಿಕೆಯ ಮೇಲೆ ಎಲೆಯ ಮಾತನ್ನು ನೆನೆದು ಕಣ್ಣೊರೆಸಿಕೊಂಡವರು. 'ಬಡಿಸೋರ ಜೊತೆ' ಎಂದಿರಿ. ಪರದೆಯ ಮೇಲಿನ ಆ ಗಂಡ ನಾಚಿಕೆಗೆ ತೊಲೆಯನ್ನಾದರೂ ನೋಡಿದ. ತಾವು ಪಾಯಸ ನೋಡುತ್ತಿದ್ದಿರಿ. ಹೆಂಗಸರ ಪಂಕ್ತಿಗೆ ಕರೆದಾಗ ಸಾವಿತ್ರಮ್ಮನವರು, 'ನಂದು ಇವರ ಜೊತೆಗೇ ಹಾಕಿ' ಎಂದು ಗೇಟಿಗೆ ಬಂದು ನಿಂತರು.

ಆದ್ದರಿಂದ ನನ್ನ ಬೇಡಿಕೆ. ಪದಕ ಬೇಡ, ಶಾಲು ಬೇಡ, ನಿಂಬೆಹಣ್ಣಂತೂ ಬೇಡವೇ ಬೇಡ. ಬರುವ ಭಾನುವಾರ ಮೂಡಿಗೆರೆಯಲ್ಲಿ ಆ ಟಾಕಿಯ ಕೊನೆಯ ಆಟ, ದಂಪತಿಗಳಿಬ್ಬರೂ ಬರುತ್ತಾರೆ. ತಾವೂ ಬರಬೇಕು. ದೀಪ ಆರಿಸುವ ಮುಂಚೆ ಪರದೆಯ ಪಕ್ಕ ನಿಂತು, 'ಈ ಮಾತು ಬರೆದವರು ಮಲ್ಲಿಕಾರ್ಜುನ' ಎಂದು ಸಾವಿತ್ರಮ್ಮನವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕು. ನನ್ನ ಹಳೆಯ ಕೋಲು ಕೊಡುತ್ತೇನೆ. ತಡವರಿಸಿದರೆ ಮುಂದಿನ ಸಾಲಿನಲ್ಲಿ ದೇವೀರಮ್ಮ ಇದ್ದಾಳೆ. ಬಾರದಿದ್ದರೂ ಚಿಂತೆಯಿಲ್ಲ, ಮಲ್ಲಿಕಾರ್ಜುನರ ಮುಂದಿನ ಟಾಕಿಯಲ್ಲಿ ಒಂದು ಗೇಟು, ಒಬ್ಬ ಅಧ್ಯಕ್ಷರು, ಒಂದು ಬಟ್ಟಲು ಪಾಯಸ ಇದೆಯಂತೆ.

ಆಟ ಮುಗಿದ ಮೇಲೆ ಊಟ ನಮ್ಮ ಮನೆಯಲ್ಲಿ. ಬೇಗ ಉತ್ತರ ಬರೆಯಿರಿ. ನನ್ನ ಹೆಂಡತಿ ರಂಗಮ್ಮ ಈಗಲೇ ಕೇಳುತ್ತಿದ್ದಾಳೆ: 'ಅಧ್ಯಕ್ಷರಿಗೆ ಎಲೆ ರೈಟರ ಜೊತೆಗೋ, ಬಡಿಸೋರ ಜೊತೆಗೋ?'

ಇಂತಿ,
ಒಳ್ಳೆಯ ಮಾತಿನಿಂದ ವ್ಯಾಪಾರ ಕೆಡಿಸಿಕೊಂಡ
ಸೋಡಾ ಗುರುವಯ್ಯ, ಮೂಡಿಗೆರೆ