ಸಕ್ರಿಗೆ ಬೆನ್ನು ಮಾಡಿ ಕೂತ ದಿನಗಳು

ಗದಗ,
ಫೆಬ್ರವರಿ 30, 2131

ನಾಯಿಗಳ ಆಶ್ರಯಧಾಮದ ಗೇಟಿನ ಹೊರಗೆ, ಒಳಗೆ ಹೋಗಲೋ ಬೇಡವೋ ಎಂದು ನಿಂತಿರುವ ನಿಮಗೆ,

ತಾರೀಖು ತಪ್ಪಾಗಿಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಸೇರಿಸಿ ರಜೆ ಮಾಡಿಕೊಂಡಿದ್ದೇವೆ. ತಪ್ಪಿದ್ದರೆ ನನ್ನ ಭಾಷೆಯಲ್ಲಿರಬಹುದು. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ (ಹೌದು, ಅದು ಇನ್ನೂ ಇದೆ!). ನಿಮ್ಮ ಕಾಲದ ಕನ್ನಡವನ್ನು ಹಳೆಯ ರೆಕಾರ್ಡಿಂಗ್ ಕೇಳಿ ಕಲಿತವಳು. ಇಲ್ಲಿನ ಕೆಲವು ಪದಗಳು ನಿಮ್ಮಲ್ಲಿ ಇನ್ನೂ ಹುಟ್ಟಿರಲಿಕ್ಕಿಲ್ಲ. ಅವು ಬಂದಾಗ ಅರ್ಥ ಹೇಳುತ್ತೇನೆ, ಬೇಸರಿಸಬೇಡಿ. ನನ್ನ ಉತ್ಸಾಹ ಅತಿಯಾದರೆ ಅದಕ್ಕೂ ಕ್ಷಮೆ ಇರಲಿ. ನನಗೆ ಈಗಷ್ಟೇ ಮದುವೆಯಾಗಿದೆ.

ಗಂಡನ ಹೆಸರು ಮುರಿಗೆಪ್ಪ. ನಿಮಗೆ ಅಜ್ಜನ ಹೆಸರು ಅನ್ನಿಸಬಹುದು, ಆದರೆ ಈಗ ಅದೇ ಫ್ಯಾಶನ್. ನಿಮ್ಮ ಕಾಲದ ಮಕ್ಕಳ ಹೆಸರುಗಳೆಲ್ಲ ಈಗ ಹಿರಿಯರಿಗೆ ಸೇರಿವೆ: ನನ್ನ ಅತ್ತೆಯ ಹೆಸರು ಆದ್ಯಾ! ಮುರಿಗೆಪ್ಪ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಇದು ಪತ್ರಕ್ಕೆ ಬೇಕಾದ ವಿಷಯವಲ್ಲ, ಗೊತ್ತು, ಆದರೂ ನೂರು ವರ್ಷ ಹಿಂದಿನವರಿಗೂ ಈ ಸಂಗತಿ ತಿಳಿದಿರಲಿ ಎಂದು ಬರೆದೆ.

ನಮ್ಮ ಊರಿನಲ್ಲಿ ಒಂದು ಪದ್ಧತಿಯಿದೆ, ಜೋಡಿಪಾಳಿ. ಹೊಸದಾಗಿ ಮದುವೆಯಾದವರು ಎಲ್ಲಿಗೇ ತಿರುಗಾಡಲು ಹೋಗುವುದಿದ್ದರೂ ಮೊದಲು ಊರಿನ ತಂಗುಮನೆಯಲ್ಲಿ ಒಂದು ವಾರ ಪಾಳಿ ಮಾಡಬೇಕು. ತಂಗುಮನೆ ಎಂದರೆ ನೀವು ಆಶ್ರಯಧಾಮ ಎನ್ನುವಿರಲ್ಲ, ಅದೇ. ಮನೆ ಕಳೆದುಕೊಂಡ ನಾಯಿ ಹೊಸ ಮನೆ ಸಿಗುವವರೆಗೆ ತಂಗುವ ಜಾಗ. ಹೆದರಿದ ನಾಯಿ ತಾನಾಗಿ ಹತ್ತಿರ ಬರುವವರೆಗೆ ಕಾಯಬಲ್ಲವರು ಸಂಸಾರವನ್ನೂ ಮಾಡಬಲ್ಲರು ಎಂಬುದು ಹಿರಿಯರ ನಂಬಿಕೆ.

ನಿಮ್ಮ ಕಾಲದ ಚಿತ್ರಗಳನ್ನು ನೋಡಿದ್ದೇನೆ. ಎದುರುಬದುರು ಕಬ್ಬಿಣದ ಗೂಡುಗಳು. ಒಂದು ಬೊಗಳಿದರೆ ಸಾಲಿಗೆ ಸಾಲೇ ಬೊಗಳುತ್ತದೆ. ಸ್ಟೀಲ್ ತಟ್ಟೆಗಳ ಸದ್ದು, ಫಿನಾಯಿಲು. ಅದನ್ನು ಕಟ್ಟಿದವರೂ ಪ್ರೀತಿಯಿಂದಲೇ ಕಟ್ಟಿದ್ದರು, ನನಗೆ ಅನುಮಾನವಿಲ್ಲ. ನಮ್ಮ ತಂಗುಮನೆಯಲ್ಲಿ ಯಾವ ನಾಯಿಗೂ ಎದುರಿನ ನಾಯಿ ಕಾಣುವುದಿಲ್ಲ. ನಡುವೆ ಮರೆಬಟ್ಟೆ ತೂಗುತ್ತದೆ, ಮನೆಮನೆಗಳಿಂದ ಬಂದ ಹಳೆಯ ಹೊದಿಕೆ. ಪ್ರತಿ ಕೋಣೆಗೂ ಒಂದು ಒಳಗೂಡು ಇದೆ. ನಾಯಿ ಅದರೊಳಗೆ ಹೋದರೆ ಯಾರೂ ಕರೆಯುವಂತಿಲ್ಲ. ಬಟ್ಟಲುಗಳು ಮಣ್ಣಿನವು. ಬೆಳಗಿನ ಊಟವನ್ನು ಗೋಣಿಚೀಲದ ಮಡಿಕೆಗಳಲ್ಲಿ ಅಡಗಿಸಿಡುತ್ತಾರೆ, ಮೂಸಿ ಹುಡುಕಿ ತಿನ್ನುವುದರಲ್ಲೇ ನಾಯಿಗೆ ಅರ್ಧ ಚಿಂತೆ ಮರೆಯುತ್ತದೆ. ಸಂಜೆ ಮೂಸುಹಾದಿ, ಅಂದರೆ ನಾಯಿ ಮುಂದೆ, ನಾವು ಹಿಂದೆ. ಒಂದೇ ಕಂಬವನ್ನು ಅದು ಎಷ್ಟು ಹೊತ್ತು ಮೂಸಿದರೂ ಹಗ್ಗ ಎಳೆಯುವಂತಿಲ್ಲ. ಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ಬಾಗಿಲು ಹಾಕಿ ಮಲಗುವಾಗ ತಂಗುಮನೆಯಲ್ಲಿ ಮೆಲ್ಲಗೆ ತಂಬೂರಿ ಮಿಡಿಯುತ್ತಿರುತ್ತದೆ. ಗದಗಿನ ನಾಯಿಗಳು, ಶ್ರುತಿ ತಪ್ಪಿದರೆ ಕಿವಿ ನಿಮಿರಿಸುತ್ತವೆ ಎಂದು ನಮ್ಮವರು ಜಂಬ ಕೊಚ್ಚುತ್ತಾರೆ.

ನಮ್ಮ ಪಾಲಿಗೆ ಬಂದವಳು ಸಕ್ರಿ. ಬೆಲ್ಲದ ಬಣ್ಣ, ಒಂದು ಕಿವಿ ಮಡಚಿದ್ದು. ಅವಳನ್ನು ಸಾಕಿದ್ದ ಮುದುಕರು ತೀರಿಕೊಂಡ ಮೇಲೆ ತಂಗುಮನೆಗೆ ಬಂದಿದ್ದಳು, ಬಂದಾಗಿನಿಂದ ಬಟ್ಟಲಿಗೆ ಬಾಯಿ ಹಾಕಿರಲಿಲ್ಲ. ಒಂದಿಷ್ಟು ನೀರು, ಅಷ್ಟೇ. ತಂಗುಮನೆಯ ಮುಖ್ಯಸ್ಥೆ ಡಾಕ್ಟರ್ ಶಾಹೀನ್ ನಮಗೆ ನೇರವಾಗಿ ಹೇಳಿದರು: ಸೋಮವಾರದೊಳಗೆ ಅವಳು ತಾನಾಗಿ ತಿನ್ನದಿದ್ದರೆ ಧಾರವಾಡದ ದೊಡ್ಡಾಸ್ಪತ್ರೆಗೆ ಕಳಿಸಿ ನಳಿಕೆಯಿಂದ ಊಟ ಹಾಕಬೇಕು. ಜೀವ ಉಳಿಯಬಹುದು. ಆದರೆ ಈ ಸ್ಥಿತಿಯಲ್ಲಿ ಹಿಡಿದು, ಕಟ್ಟಿ, ಬೋನಿನಲ್ಲಿ ಸಾಗಿಸಿದರೆ ಮತ್ತೆ ಮನುಷ್ಯರ ಕೈ ನಂಬುತ್ತಾಳೆಂದು ಹೇಳಲಾಗದು.

ನಾನೇನು ಮಾಡಿದೆ ಗೊತ್ತೇ? ಮುಡಿ ತುಂಬ ಮಲ್ಲಿಗೆ, ಸೀರೆಗೆ ಅತ್ತರು, ಎರಡೂ ಕೈ ತುಂಬ ಮದುಮಗಳ ಹಸಿರು ಗಾಜಿನ ಬಳೆ. ಅಷ್ಟೆಲ್ಲ ಸಿಂಗಾರದೊಂದಿಗೆ “ಅಯ್ಯೋ ನನ್ನ ಬಂಗಾರೀ!” ಎಂದು ಓಡಿ ಹೋಗಿ, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣಲ್ಲಿ ಕಣ್ಣಿಟ್ಟು, ಎರಡೂ ತೋಳು ಚಾಚಿದೆ. ಬಳೆಗಳು ಘಲ್ಲೆಂದವು. ಸಕ್ರಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡು, ಹೊಟ್ಟೆ ನೆಲಕ್ಕೆ ತಾಗಿಸಿ ತೆವಳುತ್ತ ಒಳಗೂಡಿನ ಮೂಲೆ ಸೇರಿದಳು. “ಪ್ರೀತಿ ಭಾಳ ಆತು ನೀಲವ್ವಾ,” ಎಂದರು ಡಾಕ್ಟರ್ ಶಾಹೀನ್, “ಒಂಚೂರು ಕಡಿಮಿ ಮಾಡ್ರಿ. ಆಕೀಗೆ ನೀವು ಒಂದು ಬ್ಯಾಂಡ್‌ಸೆಟ್ ಮೆರವಣಿಗಿ ಬಂದಂಗ ಕಾಣಸ್ತೀರಿ.”

ಮನೆಗೆ ಬಂದು ಅತ್ತುಬಿಟ್ಟೆ. ಮಲ್ಲಿಗೆ ಬಿಡಬಹುದು, ಅತ್ತರು ತೊಳೆಯಬಹುದು, ಬಳೆ? ಹೊಸ ಮದುಮಗಳು ಶ್ರಾವಣದವರೆಗೆ ಹಸಿರು ಬಳೆ ತೆಗೆಯುವಂತಿಲ್ಲ, ಈ ಮನೆಯಲ್ಲಿ ಅದು ಕಟ್ಟುನಿಟ್ಟು. ಕೇಳಲು ಹೆದರಿಕೆ. ನನ್ನಿಂದಾಗಿ ಸಕ್ರಿ ಧಾರವಾಡದ ಗಾಡಿ ಹತ್ತಬೇಕಾಗುತ್ತದೆಂದು ಅದಕ್ಕಿಂತ ಹೆಚ್ಚಿನ ಹೆದರಿಕೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಎಲ್ಲವನ್ನೂ ಕೇಳಿ, ಹಿಟ್ಟಿನ ಕೈ ಒರೆಸಿಕೊಳ್ಳುವ ಹಳೆಯ ಇಳಕಲ್ ಸೀರೆಯ ತುಂಡನ್ನು ಎತ್ತಿ ಪರ್ರೆಂದು ಹರಿದರು. “ಬಳಿ ಯಾಕ ತಗೀತೀ? ಬಳಿ ಬಾಯಿ ಕಟ್ಟು,” ಎನ್ನುತ್ತ ಒಂದೊಂದೇ ಸುತ್ತು ಹಾಕಿ ನನ್ನ ಎರಡೂ ಮುಂಗೈ ಬಿಗಿದರು. “ನಾನೂ ನಿಮ್ಮ ಮಾವನೂ ಪಾಳಿ ಮಾಡಿದಾಗ ನಮ್ಮತ್ತಿ ಹಿಂಗ ಕಟ್ಟಿದ್ದಳು.” ಬಾಗಿಲಲ್ಲಿ ನಿಂತಿದ್ದ ಮುರಿಗೆಪ್ಪ, “ಯವ್ವಾ, ಇನ್ನೊಂದು ತುಂಡು ಉಳದೈತೇನು? ಬಾಯಿಗೂ ಬೇಕಾಗತೈತಿ,” ಎಂದ. ಅತ್ತೆ ರೊಟ್ಟಿ ಮಗುಚುವ ಸಟ್ಟುಗ ತೋರಿಸಿದರು. ಅವನಿಗೆ, ನನಗಲ್ಲ!

ಮರುದಿನದಿಂದ ಬೆನ್ನುಪಾಳಿ. ಹೆಸರೇ ಹೇಳುವಂತೆ, ನಾಯಿಯ ಕೋಣೆಯಲ್ಲಿ ಅದಕ್ಕೆ ಬೆನ್ನು ಮಾಡಿ ಕೂರುವುದು. ನೋಡುವಂತಿಲ್ಲ, ಕರೆಯುವಂತಿಲ್ಲ, ಮುಟ್ಟುವಂತಿಲ್ಲ. ನಾನು ಜನ್ಮದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದವಳಲ್ಲ. ಮೊದಲ ದಿನ ನಾಲಿಗೆ ತುರಿಸಿತು. ಎರಡನೆಯ ದಿನ ಗೋಡೆಯ ಮೇಲಿನ ಗೆರೆಗಳಿಗೆಲ್ಲ ಹೆಸರಿಟ್ಟೆ. ಆಮೇಲೆ ಏನೋ ಆಯಿತು. ಪಕ್ಕದಲ್ಲಿ ಕೂತ ಮುರಿಗೆಪ್ಪ ಉಸಿರು ಬಿಡುವಾಗ ಸಣ್ಣದಾಗಿ ಸೀಟಿಯಂತಹ ಸದ್ದು ಬರುತ್ತದೆ ಎಂದು ಗೊತ್ತಾಯಿತು. ಅವನಿಗೆ ಚಿಂತೆಯಾದಾಗ ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತಾನೆ ಎಂಬುದು ಕಂಡಿತು. ನಾನು ಮಾತಾಡುತ್ತಲೇ ಇದ್ದಿದ್ದರೆ ಇದೆಲ್ಲ ತಿಳಿಯಲು ಎಷ್ಟು ವರ್ಷ ಹಿಡಿಯುತ್ತಿತ್ತೋ! ಆದರೆ ಬಟ್ಟಲು ಮಾತ್ರ ತುಂಬಿದಂತೆಯೇ ಇತ್ತು, ಮತ್ತು ಭಾನುವಾರ ಬಂತು. ಹೊರಗೆ ಧಾರವಾಡದ ಗಾಡಿ ತೊಳೆದು ನಿಲ್ಲಿಸಿದ್ದರು.

ಆ ಸಂಜೆ ಮುಂಗೈಗೆ ಬಿಸಿಯುಸಿರು ತಾಗಿತು. ಕೈ ಹಿಂದಕ್ಕೆ ಊರಿಕೊಂಡು ಕೂತಿದ್ದೆ. ತಣ್ಣನೆಯ ಮೂಗು ಅತ್ತೆಯ ಬಟ್ಟೆಯ ಸುತ್ತುಗಳನ್ನು ಒಂದೊಂದಾಗಿ ಮೂಸಿತು. ಅದರಲ್ಲಿ ಜೋಳದ ಹಿಟ್ಟಿನ ವಾಸನೆ, ಹಂಚಿನ ವಾಸನೆ ಇತ್ತು; ಬಹುಶಃ ಆ ಮುದುಕರ ಅಡುಗೆಮನೆಯಲ್ಲೂ ಇದ್ದದ್ದು ಅದೇ. ಒಂದು ಸಲ ನೆಕ್ಕಿದಳು. ನಾನು ಅಲುಗಲಿಲ್ಲ. ಉಸಿರು ದೂರವಾಯಿತು. ಆಮೇಲೆ, ಮಣ್ಣಿನ ಬಟ್ಟಲು ನೆಲದ ಮೇಲೆ ಚೂರು ಸರಿದ ಸದ್ದು. ಮತ್ತೊಂದು ಸಲ. ಆಮೇಲೆ ಲಪಲಪ.

ಕೂಗಬೇಕೆನಿಸಿತು, ಕುಣಿಯಬೇಕೆನಿಸಿತು. ಏನೂ ಮಾಡದೆ ಮುರಿಗೆಪ್ಪನ ಕೈ ಹಿಡಿದುಕೊಂಡೆ. ಅವನ ಹೆಬ್ಬೆರಳು ಉಜ್ಜುವುದನ್ನು ನಿಲ್ಲಿಸಿತ್ತು. ನನ್ನ ಅತಿ ದೊಡ್ಡ ಸಂತೋಷವನ್ನು ಗೋಡೆ ನೋಡುತ್ತ, ಬಾಯಿ ಮುಚ್ಚಿಕೊಂಡು ಅನುಭವಿಸಿದ್ದೇನೆ.

ಗಾಡಿ ಖಾಲಿಯೇ ಹಿಂತಿರುಗಿತು. ಸಕ್ರಿಯನ್ನು ಮನೆಗೆ ಕರೆತರಲು ಕೇಳಿದಾಗ ಅತ್ತೆ, “ಬೊಗಳಾಕ ಮನ್ಯಾಗ ಸೊಸಿ ಒಬ್ಬಾಕಿ ಸಾಕಾಗಂಗಿಲ್ಲೇನು?” ಎಂದರು. ಸಂಜೆ ನೋಡಿದರೆ ಒಲೆಯ ಪಕ್ಕ ಗೋಣಿಚೀಲ ಮಡಚಿ ಹಾಕಿದ್ದರು.

ಈಗ ನಿಮ್ಮಲ್ಲಿ ಕೇಳಬೇಕಾದದ್ದು. ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ಡಾಕ್ಟರ್ ಶಾಹೀನ್ ಅವರನ್ನು ಕೇಳಿದೆ. ನಿಮ್ಮ ಕಾಲದಲ್ಲಿ, ಎಲ್ಲೋ ಒಂದು ಊರಿನಲ್ಲಿ, ಯಾರೋ ಒಬ್ಬರು ಎರಡು ಗೂಡುಗಳ ನಡುವೆ ಮನೆಯ ಹಳೆಯ ಬೆಡ್‌ಶೀಟ್ ಕಟ್ಟಿ, ಹೆದರಿದ ನಾಯಿಗೆ ಬೆನ್ನು ಮಾಡಿ ಕೂತರಂತೆ. ಹೆಸರು ಉಳಿದಿಲ್ಲ. ಊರೂ ಗೊತ್ತಿಲ್ಲ. ಹಾಗಾಗಿ ಆ ಒಬ್ಬರು ಯಾರೆಂದು ತಿಳಿಯದೆ ಎಲ್ಲರಿಗೂ ಬರೆಯುತ್ತಿದ್ದೇನೆ. ಅದು ನೀವೇ ಇರಬಹುದು. ನೀವು ಗೇಟಿನಿಂದ ಹಿಂತಿರುಗಿದರೆ ನಮ್ಮ ತಂಗುಮನೆಯಿಲ್ಲ, ನಮ್ಮ ಜೋಡಿಪಾಳಿಯಿಲ್ಲ, ಈ ಗಳಿಗೆಯಲ್ಲಿ ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿರುವ ಈ ಬೆಲ್ಲದ ಬಣ್ಣದವಳೂ ಇಲ್ಲ.

ಒಳಗೆ ಹೋಗಿ. ಅಲ್ಲಿನವರನ್ನು ಕೇಳಿಕೊಂಡು, ಎಲ್ಲಕ್ಕಿಂತ ಹೆಚ್ಚು ಹೆದರಿದ ನಾಯಿಯ ಹತ್ತಿರ ಕೂರಿ, ಆದರೆ ಗೋಡೆಯ ಕಡೆ ಮುಖ ಮಾಡಿ. ಹೋಗುವಾಗ ಮನೆಯ ಬೆಡ್‌ಶೀಟ್ ಒಂದನ್ನು ತೆಗೆದುಕೊಂಡು ಹೋಗಿ. ಹಳೆಯದೇ ಇರಲಿ, ತೊಳೆಯಬೇಡಿ. ನಿಮ್ಮ ಅಡುಗೆಮನೆಯ ವಾಸನೆ ಅದರಲ್ಲಿರಲಿ.

ಸಕ್ರಿ ಏಳುತ್ತಾಳೆಂದು ಬಳೆಯ ಬಟ್ಟೆ ಬಿಚ್ಚದೆಯೇ ಇದನ್ನು ಬರೆದು ಮುಗಿಸಿದ,

ನೀಲವ್ವ